ಹೊಳೆಯ ಜಾಡಿನಲ್ಲಿ ಸಂಚಾರಿ ತರಗತಿ: ಮಕ್ಕಳಿಗೆ ಜಲಾನಯನ ಕಲಿಸುವ ಬಗೆ

ಸಂಚಾರಿ ತರಗತಿ ಶುರು ಮಾಡಲು ಹೊರಟವರು ಮೊದಲು ವಿಚಾರಿಸುವುದು ವಾಹನವನ್ನು. ಎಷ್ಟು ಉದ್ದದ್ದು ಬೇಕು, ಒಳಗೆ ಎಷ್ಟು ಮಕ್ಕಳು ಕೂರಬಹುದು, ಹೊರಮೈ ಮೇಲೆ ಯಾವ ಚಿತ್ರ ಬರೆಸಬೇಕು ಎಂಬ ಚರ್ಚೆಯಲ್ಲೇ ಎಷ್ಟೋ ದಿನ ಕಳೆದುಹೋಗುತ್ತದೆ. ನದಿ ಮತ್ತು ಜಲಾನಯನದ (ಒಂದು ಹೊಳೆಗೆ ನೀರು ಹರಿದುಬರುವ ಇಡೀ ನೆಲದ) ಪಾಠಕ್ಕಾದರೆ ವಾಹನದ ಮಾತು ಆಮೇಲೆ. ಮೊದಲು ಇತ್ಯರ್ಥವಾಗಬೇಕಾದದ್ದು ಅದು ಸಾಗುವ ದಾರಿ.

ಕಾರಣ ಇಷ್ಟೇ. ಮರಳಿನ ತಟ್ಟೆಯ ಪ್ರಯೋಗ, ನೀರಿನ ಪರೀಕ್ಷೆ, ನಕ್ಷೆ ಓದುವುದು ಇವನ್ನೆಲ್ಲ ಯಾವ ಶಾಲೆಯಾದರೂ ತನ್ನ ಅಂಗಳದಲ್ಲೇ ಮಾಡಿಸಬಹುದು. ಆದರೆ ಮೇಲಿನೂರಿನ ಮಕ್ಕಳು ಅಳೆದ ಹೊಳೆಯನ್ನೇ ಕೆಳಗಿನೂರಿನ ಮಕ್ಕಳೂ ಅಳೆದು, ನಡುವೆ ನೀರಿಗೆ ಏನಾಯಿತು ಎಂದು ಕೇಳುವುದು ಒಂದೇ ಕಡೆ ಕೂತ ತರಗತಿಗೆ ಆಗುವ ಕೆಲಸವಲ್ಲ. ಅದಕ್ಕೆ ಊರಿಂದೂರಿಗೆ ಹೋಗುವ ತರಗತಿಯೇ ಬೇಕು. ಹಾಗಾಗಿ ಕಚೇರಿಯ ಪಟ್ಟಿಯಲ್ಲಿ ಶಾಲೆಗಳು ಯಾವ ಕ್ರಮದಲ್ಲಿವೆಯೋ ಆ ಕ್ರಮದಲ್ಲಿ ಹೋಗಬೇಡಿ. ನೀರು ಹರಿಯುವ ಕ್ರಮದಲ್ಲಿ ಹೋಗಿ.

ದಾರಿ ಗೊತ್ತುಮಾಡುವುದು

ದೊಡ್ಡ ನದಿಯ ಮೋಹ ಬೇಡ. ಡ್ಯಾನ್ಯೂಬ್ ನದಿಯ ಜಲಾನಯನ 19 ದೇಶಗಳಿಗೆ ಹಂಚಿಹೋಗಿದೆ. ಅಷ್ಟು ದೊಡ್ಡದನ್ನು ನಕ್ಷೆಯಲ್ಲಿ ತೋರಿಸಬಹುದೇ ಹೊರತು ಮಗು ಅದನ್ನು ಕಾಲಿನಿಂದ ಅಳೆಯಲಾರದು. ನದಿಗೆ ಸೇರುವ ಉಪನದಿ, ಆ ಉಪನದಿಗೆ ಸೇರುವ ಒಂದು ಹಳ್ಳ: ಅಂಥದ್ದನ್ನು ಹಿಡಿಯಿರಿ. ಹುಟ್ಟುವ ದಿಬ್ಬದಿಂದ ದೊಡ್ಡ ಹೊಳೆಗೆ ಕೂಡುವ ಜಾಗದವರೆಗೆ ಒಂದೇ ದಿನದಲ್ಲಿ ಹೋಗಿಬರುವಂತಿದ್ದರೆ ಸಾಕು. ಅದರ ಉದ್ದಕ್ಕೂ ಐದಾರು ಶಾಲೆಗಳನ್ನು ಆರಿಸಿ. ಒಂದು ಮೂಲದ ಹತ್ತಿರ ಇರಲಿ, ಒಂದೆರಡು ಬೇಸಾಯದ ಭೂಮಿಯ ನಡುವೆ, ಒಂದು ಪಟ್ಟಣಕ್ಕಿಂತ ಮೇಲೆ, ಒಂದು ಪಟ್ಟಣ ದಾಟಿದ ಮೇಲೆ. ಬೇರೆ ಯಾವುದನ್ನು ಬಿಟ್ಟರೂ ಪಟ್ಟಣದ ಮೇಲ್ಬದಿ ಮತ್ತು ಕೆಳಬದಿಯ ಈ ಜೋಡಿಯನ್ನು ಬಿಡಬೇಡಿ. ಪಾಠದ ಜೀವವೆಲ್ಲ ಅಲ್ಲಿದೆ.

ಏರಿಳಿತ ತೋರಿಸುವ ಸ್ಥಳಾಕೃತಿ ನಕ್ಷೆಯೊಂದನ್ನು ಸಂಪಾದಿಸಿ, ಅದರ ಮೇಲೆ ಪಾರದರ್ಶಕ ಹಾಳೆ ಹಾಸಿ, ಜಲಾನಯನದ ಗಡಿಯನ್ನು ನೀವೇ ಕೈಯಾರೆ ಎಳೆಯಿರಿ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಹಳ್ಳವನ್ನು ದಾಟುವಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಬಾಗುತ್ತವೆ. ಆ ‘ವಿ’ಯ ಮೊನೆ ನೀರು ಬರುವ ದಿಕ್ಕಿಗೆ, ಅಂದರೆ ಮೇಲಕ್ಕೆ ಮುಖಮಾಡಿರುತ್ತದೆ. ದಿಬ್ಬದ ಏಣಿನ ಮೇಲೆ ಇದಕ್ಕೆ ತಿರುಗುಮುರುಗು, ಮೊನೆ ಇಳಿಜಾರಿನ ಕಡೆಗಿರುತ್ತದೆ. ಹಳ್ಳ ಕೂಡುವ ಜಾಗದಿಂದ ಹೊರಟು, ಎರಡೂ ಬದಿಯಲ್ಲಿ ರೇಖೆಗಳನ್ನು ಲಂಬವಾಗಿ ದಾಟುತ್ತ, ಏಣುಗಳನ್ನೂ ಎತ್ತರದ ಬಿಂದುಗಳನ್ನೂ ಸೇರಿಸುತ್ತ ಹೋದರೆ ಗೆರೆ ಸುತ್ತಿ ಬಂದು ಕೂಡಿಕೊಳ್ಳುತ್ತದೆ. ಆ ಗೆರೆಯೊಳಗೆ ಬಿದ್ದ ಮಳೆ ಆವಿಯಾಗದೆ ಉಳಿದು ಹರಿದರೆ, ನೀವು ಹೊರಟ ಬಿಂದುವನ್ನೇ ಹಾದುಹೋಗಬೇಕು. ಕಂಪ್ಯೂಟರ್ ಈ ಗಡಿಯನ್ನು ಕ್ಷಣದಲ್ಲಿ ಎಳೆದುಕೊಡುತ್ತದೆ, ನಿಜ. ಆದರೂ ಕೈಯಲ್ಲಿ ಎಳೆದವರಿಗೆ ಆ ನೆಲದ ಪರಿಚಯವಾಗುತ್ತದೆ, ಮಕ್ಕಳ ಪ್ರಶ್ನೆಗೆ ಉತ್ತರಿಸುವ ಧೈರ್ಯ ಬರುತ್ತದೆ.

ಇದಾದ ಮೇಲೆ ಮಕ್ಕಳಿಲ್ಲದೆ ಒಮ್ಮೆ ಇಡೀ ದಾರಿ ಹೋಗಿಬನ್ನಿ. ಪ್ರತಿ ಶಾಲೆಯ ಹತ್ತಿರ ನೀರಿಗೆ ಇಳಿಯುವ ಜಾಗ ಗುರುತಿಸಿ: ದಡ ಕಡಿದಾಗಿರಬಾರದು, ತಳ ಕಾಣುತ್ತಿರಬೇಕು, ಹತ್ತಿರದಲ್ಲಿ ಮಡು ಇರಬಾರದು. ಜಾಗ ಯಾರದ್ದೋ ಜಮೀನಿನಲ್ಲಿದ್ದರೆ ಅನುಮತಿಯನ್ನು ಆಗಲೇ ಕೇಳಿ. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯವನ್ನು ಅದನ್ನು ನೋಡಿಕೊಳ್ಳುವವರಿಂದಲೇ ತಿಳಿದುಕೊಳ್ಳಿ.

ವಾಹನ

ಸಣ್ಣ ವ್ಯಾನ್ ಸಾಕು. ಪಾಠ ನಡೆಯುವುದು ಅಂಗಳದಲ್ಲಿ ಮತ್ತು ಹೊಳೆಯ ದಡದಲ್ಲಿ, ಆದ್ದರಿಂದ ಒಳಗೆ ಬೆಂಚು ಬೇಡ. ಸಾಮಾನು ಕೂಡುವ ಪೆಟ್ಟಿಗೆಗಳು, ಮಡಚುವ ಮೇಜು, ನೆರಳಿಗೆ ಟಾರ್ಪಾಲು, ನೀರಿನ ಕ್ಯಾನು ಇರಲಿ. ಪ್ರತಿ ಚಟುವಟಿಕೆಯ ಸಾಮಾನು ಅದರದೇ ಪೆಟ್ಟಿಗೆಯಲ್ಲಿರಲಿ, ಮುಚ್ಚಳದ ಒಳಬದಿಗೆ ಪಟ್ಟಿ ಅಂಟಿಸಿ. ಭಾರ ಲೆಕ್ಕಹಾಕುವುದನ್ನು ಮರೆಯಬೇಡಿ. ಒಂದು ಲೀಟರ್ ನೀರು ಒಂದು ಕಿಲೋ, ಅಷ್ಟೇ ಪ್ರಮಾಣದ ಒಣ ಮರಳು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನೀರನ್ನು ಶಾಲೆಯಲ್ಲೇ ತುಂಬಿಸಿಕೊಂಡರೆ ಎಷ್ಟೋ ಹಗುರ.

ಮೊದಲ ಗಂಟೆ: ಅಂಗಳದಿಂದ ಹೊರಟ ನೀರು

ಜಲಚಕ್ರದ ಚಿತ್ರ ತೂಗುಹಾಕಿ ಪಾಠ ಆರಂಭಿಸುವ ಅಭ್ಯಾಸ ಬಿಡುವುದು ಒಳ್ಳೆಯದು. ಮಕ್ಕಳು ಅದನ್ನು ಪುಸ್ತಕದಲ್ಲಿ ನೋಡಿರುತ್ತಾರೆ. ಅವರನ್ನು ಅಂಗಳಕ್ಕೆ ಕರೆತಂದು ಕೇಳಿ: ಇಲ್ಲಿ ಬಿದ್ದ ಮಳೆ ಎತ್ತ ಹೋಗುತ್ತದೆ? ಪ್ರತಿಯೊಬ್ಬರೂ ದಿಕ್ಕು ತೋರಿಸಲಿ. ಆಮೇಲೆ ಒಂದು ಬಿಂದಿಗೆ ನೀರು ಸುರಿದು, ಅದರ ಹಿಂದೆ ನಡೆದು, ಸೀಮೆಸುಣ್ಣದಿಂದ ಅದರ ಜಾಡು ಗುರುತಿಸಲಿ. ನೀರು ಚರಂಡಿ ಸೇರುತ್ತದೆಯೋ, ಇಂಗುತ್ತದೆಯೋ, ಗೇಟಿನ ಬಳಿ ನಿಂತು ಕೆಸರಾಗುತ್ತದೆಯೋ ಎಂಬುದು ಕಣ್ಣೆದುರೇ ತಿಳಿಯುತ್ತದೆ.

ಅಲ್ಲೇ ಚಾವಣಿಯ ಲೆಕ್ಕವನ್ನೂ ಮಾಡಿಸಿ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ 200 ಚದರ ಮೀಟರ್ ಇದ್ದು 20 ಮಿಲಿಮೀಟರ್ ಮಳೆಯಾದರೆ 4,000 ಲೀಟರ್. ಮಕ್ಕಳು ಅಳತೆಪಟ್ಟಿ ಹಿಡಿದು ತಮ್ಮ ಚಾವಣಿಯ ಉದ್ದಗಲವನ್ನೇ ಅಳೆಯಲಿ. ಸಿಕ್ಕ ಸಂಖ್ಯೆ ಅವರನ್ನು ಸುಮ್ಮನೆ ಕೂರಗೊಡುವುದಿಲ್ಲ.

ಇನ್ನು ಕಾಗದದ ಬೆಟ್ಟ. ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಕಲಿಸುವುದು ಮಾತ್ರ ಬಹಳ. ಪ್ರತಿ ಮಗುವಿಗೂ ಒಂದು ದಪ್ಪ ಹಾಳೆ ಕೊಡಿ. ಅದನ್ನು ಮುದುರಿ ಉಂಡೆ ಮಾಡಿ, ಅರ್ಧದಷ್ಟು ಮಾತ್ರ ಬಿಡಿಸಿ, ಉಬ್ಬುತಗ್ಗುಗಳು ನಿಲ್ಲುವಂತೆ ತಟ್ಟೆಯಲ್ಲಿಡಲಿ. ಎತ್ತರದ ಮಡಿಕೆಗಳ ಮೇಲೆ ನೀರಿನಲ್ಲಿ ಕದಡುವ ನೀಲಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಲಿ. ಇಷ್ಟಬಂದ ಕಡೆ ಊರಿಗೆ ಕೆಂಪು, ಬೆಳೆಗೆ ಹಸಿರು, ಬೋಳು ನೆಲಕ್ಕೆ ಕಂದು ಬಣ್ಣ ಹಚ್ಚಲಿ. ನೀರು ಚಿಮುಕಿಸುವ ಮುನ್ನ ಒಂದು ಕೆಲಸ ಕಡ್ಡಾಯ: ಎಲ್ಲಿ ಕೆರೆ ನಿಲ್ಲುತ್ತದೆ, ಎಲ್ಲಿ ಹೊಳೆ ಹರಿಯುತ್ತದೆ ಎಂದು ಮೊದಲೇ ಊಹಿಸಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಈಗ ತುಂತುರು ಬಾಟಲಿಯಿಂದ ನಿಧಾನವಾಗಿ ಸಿಂಪಡಿಸಿ. ನೀಲಿ ಗೆರೆ ಕದಡಿ ಮಡಿಕೆಯ ಎರಡೂ ಬದಿಗೆ ಇಳಿಯುತ್ತದೆ, ಸಣ್ಣ ಸುಕ್ಕುಗಳಲ್ಲಿ ಎಳೆಎಳೆಯಾಗಿ ಕೂಡುತ್ತದೆ, ಕೆಂಪು ಮತ್ತು ಕಂದು ಅದರ ಜೊತೆ ಸೇರಿ ತಗ್ಗಿನಲ್ಲಿ ಕೊಳಕು ಬಣ್ಣದ ಕೆರೆಯಾಗಿ ನಿಲ್ಲುತ್ತದೆ. ಅಕ್ಕಪಕ್ಕದ ಎರಡು ಮನೆಗಳ ನೀರು ಬೇರೆ ಬೇರೆ ಕೆರೆಗೆ ಹೋದದ್ದನ್ನು ಯಾರಾದರೂ ಒಬ್ಬರು ಖಂಡಿತ ಗಮನಿಸುತ್ತಾರೆ. ನೀರನ್ನು ಹೀಗೆ ಎರಡು ಕಡೆಗೆ ಬೇರ್ಪಡಿಸುವ ಏಣಿಗಿರುವ ಜಲವಿಭಾಜಕ ಎಂಬ ಪದವನ್ನು ಹೇಳಬೇಕಾದದ್ದು ಆಗ, ಅದಕ್ಕೆ ಮೊದಲಲ್ಲ.

ಹದಿಮೂರು ದಾಟಿದ ಮಕ್ಕಳಿದ್ದರೆ ತೊರೆಗಳ ಶ್ರೇಣಿ ಹಾಕುವುದನ್ನೂ ಇದೇ ಹಾಳೆಯ ಮೇಲೆ ಕಲಿಸಬಹುದು. ಉಪತೊರೆಯಿಲ್ಲದ ಎಳೆ ಮೊದಲ ಶ್ರೇಣಿ. ಮೊದಲ ಶ್ರೇಣಿಯ ಎರಡು ಕೂಡಿದರೆ ಎರಡನೆಯದು. ಎರಡನೆಯದಕ್ಕೆ ಮೊದಲನೆಯದು ಬಂದು ಸೇರಿದರೆ ಶ್ರೇಣಿ ಏರುವುದಿಲ್ಲ. ಸ್ಟ್ರಾಹ್ಲರ್ ಪದ್ಧತಿ ಎನ್ನುವುದು ಇದನ್ನೇ.

ಮರಳಿನ ತಟ್ಟೆ ಮತ್ತು ಮೂರು ಬಾಟಲಿ

ಒಂದೂವರೆ ಮೀಟರ್ ಉದ್ದದ, ತೂತಿರುವ ಒಂದು ತಟ್ಟೆ ಬೇಕು. ಮೇಲಿನ ಮುಕ್ಕಾಲು ಭಾಗಕ್ಕೆ ಒದ್ದೆ ಮರಳು ಹರಡಿ, ತಲೆಯ ಕಡೆ ಎರಡು ಬೆರಳು ಎತ್ತರಿಸಿ, ಬಕೆಟ್ಟಿನಿಂದ ತೆಳುವಾದ ಕೊಳವೆಯಲ್ಲಿ ನೀರು ಬಿಡಿ. ತುದಿಯ ತೂತಿನಿಂದ ಹೊರಬಂದ ನೀರನ್ನು ಮತ್ತೆ ಬಕೆಟ್ಟಿಗೇ ಹಾಕಿ ಬಳಸಬಹುದು. ಮೊದಲ ಹತ್ತು ನಿಮಿಷ ನೀವು ಏನೂ ಹೇಳಬೇಡಿ. ಹೊಳೆ ತಿರುವಿನ ಹೊರಬದಿಯನ್ನು ಕೊರೆಯುತ್ತದೆ, ಒಳಬದಿಯಲ್ಲಿ ಮರಳು ಬಿಡುತ್ತದೆ, ಕೊನೆಯಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡಿಕೊಳ್ಳುತ್ತದೆ. ಆಮೇಲೆ ಮಕ್ಕಳಿಗೆ ಪುಟ್ಟ ಮರದ ತುಂಡುಗಳನ್ನು ಕೊಟ್ಟು ಮನೆ ಕಟ್ಟಲು ಹೇಳಿ, ನೀರು ಹೆಚ್ಚಿಸಿ. ಮುಂದಿನ ಸುತ್ತಿನಲ್ಲಿ ಅಂಕುಡೊಂಕಾದ ಹೊಳೆಯನ್ನು ಬೆರಳಿನಿಂದ ನೇರ ಮಾಡಿ, ಕೆಳಗಿನ ಮನೆಗಳ ಗತಿ ಏನಾಗುತ್ತದೆ ನೋಡಿ. ಮತ್ತೊಂದು ಸುತ್ತಿನಲ್ಲಿ ತಲೆಯ ಕಡೆ ಸ್ಪಂಜು ಹಾಸಿ, ಅದೇ ನೀರನ್ನು ಅದೇ ರಭಸದಲ್ಲಿ ಬಿಡಿ. ಪ್ರತಿ ಸಲವೂ ಒಂದನ್ನು ಮಾತ್ರ ಬದಲಿಸಬೇಕೆಂಬ ಶಿಸ್ತನ್ನು ಮಕ್ಕಳಿಗೆ ಇಲ್ಲಿ ಹಿಡಿಸಿದರೆ ವಿಜ್ಞಾನದ ಅರ್ಧ ಪಾಠ ಮುಗಿದಂತೆ.

ಮೂರು ಬಾಟಲಿಯ ಪ್ರಯೋಗ ಇದಕ್ಕೆ ಜೊತೆ. ದೊಡ್ಡ ಪ್ಲಾಸ್ಟಿಕ್ ಬಾಟಲಿಗಳನ್ನು ಅಡ್ಡ ಮಲಗಿಸಿ, ಮೇಲ್ಮೈ ಕತ್ತರಿಸಿ, ಒಂದೇ ಮಣ್ಣು ತುಂಬಿ. ಒಂದರಲ್ಲಿ ಹುಲ್ಲು ಬೆಳೆದಿರಲಿ, ಒಂದರ ಮೇಲೆ ಒಣ ತರಗೆಲೆ, ಮತ್ತೊಂದು ಬೋಳು. ಸಮನಾಗಿ ನೀರು ಸುರಿದು ಬಾಯಿಯ ಕೆಳಗೆ ಲೋಟ ಇಡಿ. ಹುಲ್ಲು ಬೇರೂರಲು ಎರಡು ಮೂರು ವಾರ ಬೇಕು, ಹಾಗಾಗಿ ಸಿದ್ಧತೆ ಮೊದಲೇ ಆಗಬೇಕು.

ಹೊಳೆಗೆ ಇಳಿಯುವ ಮುನ್ನ

ಮೇಲ್ಗಡೆ ಮಳೆಯಾಗುತ್ತಿದ್ದರೆ ಇಲ್ಲಿ ಬಿಸಿಲಿದ್ದರೂ ನೀರಿಗೆ ಇಳಿಸಬೇಡಿ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಡ್ಡಿಕಸ ತೇಲಿಬರುವುದು ಹೆಚ್ಚಿದರೆ, ದಡದ ಗುರುತಿನ ಕಲ್ಲು ಮುಳುಗತೊಡಗಿದರೆ ಕೈಯಲ್ಲಿದ್ದುದನ್ನು ಬಿಟ್ಟು ಮೇಲೆ ಹತ್ತಬೇಕು. ಇದನ್ನು ಮಕ್ಕಳಿಗೂ ಹೇಳಿ, ದಡದ ಮೇಲೆ ಒಮ್ಮೆ ಅಭ್ಯಾಸ ಮಾಡಿಸಿ. ತಂಡದ ಅತಿ ಕುಳ್ಳ ಮಗುವಿನ ಮೊಣಕಾಲಿಗಿಂತ ಆಳದ ನೀರು ಬೇಡ. ಹರಿವು ಜೋರಾಗಿದ್ದರೆ ಅಷ್ಟೂ ಬೇಡ. ಐದು ಮಕ್ಕಳಿಗೆ ಒಬ್ಬ ದೊಡ್ಡವರಿರಬೇಕು, ಅದರ ಮೇಲೆ ಕೆಳಬದಿಯಲ್ಲಿ ಹಗ್ಗ ಹಿಡಿದು ನಿಂತು ಬೇರೆ ಯಾವ ಕೆಲಸವನ್ನೂ ಮಾಡದ ಒಬ್ಬರಿರಬೇಕು. ಬರಿಗಾಲು ಬೇಡ. ಗಾಯ ಇರುವವರು ದಡದಲ್ಲಿ ಕೂತು ಲೆಕ್ಕ ಬರೆಯಲಿ. ಮುಗಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ.

ಹರಿವು ಅಳೆಯುವುದು

ದಡದುದ್ದಕ್ಕೆ 10 ಮೀಟರ್ ಅಳೆದು ಎರಡು ತುದಿಗೂ ಹಗ್ಗ ಕಟ್ಟಿ. ಅರ್ಧ ಮುಳುಗಿ ತೇಲುವ ಕಿತ್ತಳೆ ಹಣ್ಣು ಒಳ್ಳೆಯದು. ಗಾಳಿಗೆ ತಳ್ಳಿಹೋಗುವುದಿಲ್ಲ, ಕಳೆದುಹೋದರೂ ಹೊಳೆಗೆ ಹಾನಿಯಿಲ್ಲ. ಮೇಲಿನ ಹಗ್ಗಕ್ಕಿಂತ ಸ್ವಲ್ಪ ಮೊದಲೇ ಬಿಟ್ಟು, ಹಗ್ಗದಿಂದ ಹಗ್ಗಕ್ಕೆ ಎಷ್ಟು ಸೆಕೆಂಡ್ ಎಂದು ನಾಲ್ಕೈದು ಸಲ ನೋಡಿ ಸರಾಸರಿ ತೆಗೆಯಿರಿ. 25 ಸೆಕೆಂಡ್ ಆಯಿತೆನ್ನಿ, ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುತ್ತದೆ, ತಳದ ಕಲ್ಲುಮಣ್ಣು ತಡೆಯುವುದರಿಂದ. ಅದಕ್ಕಾಗಿ ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ: 0.34 ಮೀಟರ್. ಹೊಳೆಯ ಅಗಲ 3 ಮೀಟರ್, ಅಡ್ಡಕ್ಕೆ ಹಲವು ಕಡೆ ಕೋಲು ಊರಿ ತೆಗೆದ ಸರಾಸರಿ ಆಳ 20 ಸೆಂಟಿಮೀಟರ್ ಆದರೆ ಅಡ್ಡಕೊಯ್ತ 0.6 ಚದರ ಮೀಟರ್. ಗುಣಿಸಿದರೆ ಸೆಕೆಂಡಿಗೆ ಸುಮಾರು 204 ಲೀಟರ್ ನೀರು ಹಾದುಹೋಗುತ್ತಿದೆ.

ಇಲ್ಲಿಗೆ ನಿಲ್ಲಿಸಬೇಡಿ. ಅದೇ 0.34 ಮೀಟರ್ ಎಂದರೆ ಗಂಟೆಗೆ 1.2 ಕಿಲೋಮೀಟರಿಗೆ ತುಸು ಹೆಚ್ಚು. ಮುಂದಿನ ಶಾಲೆ ಹೊಳೆಯ ದಾರಿಯಲ್ಲಿ 6 ಕಿಲೋಮೀಟರ್ ದೂರವಿದ್ದು, ಹರಿವು ಇದೇ ವೇಗದಲ್ಲಿದ್ದರೆ, ಈಗ ಕಾಲಿಗೆ ತಾಗಿದ ನೀರು ಐದು ಗಂಟೆಯಲ್ಲಿ ಅಲ್ಲಿರುತ್ತದೆ. ಯಾವ ಹೊತ್ತಿಗೆ ಅಲ್ಲಿನ ಮಕ್ಕಳ ಮುಂದೆ ಹಾದುಹೋಗುತ್ತದೆಂದು ಇವರು ಬರೆದಿಡಲಿ. ಕೆಳಗಿನೂರು ಇವರ ಮನಸ್ಸಿಗೆ ಹತ್ತಿರವಾಗಲು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ಇದು.

ನೀರಿನ ಗುಣ

ಉಷ್ಣಾಂಶ, ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ), ಕದಡು, ಕರಗಿದ ಆಮ್ಲಜನಕ ಈ ನಾಲ್ಕು ಸಾಕು. ಹತ್ತು ಪರೀಕ್ಷೆ ಮಾಡಿಸಿ ಒಂದೂ ಅರ್ಥವಾಗದೆ ಹೋಗುವುದಕ್ಕಿಂತ ನಾಲ್ಕನ್ನು ಚೆನ್ನಾಗಿ ಮಾಡುವುದು ಮೇಲು. ಕದಡು ಅಳೆಯಲು ತಳದಲ್ಲಿ ಕಪ್ಪುಬಿಳುಪಿನ ಗುರುತಿರುವ ಪಾರದರ್ಶಕ ಕೊಳವೆ ಬಳಸಿ. ಗುರುತು ಕಾಣಿಸುವವರೆಗೆ ನೀರು ಕಡಿಮೆ ಮಾಡುತ್ತ ಬಂದು ಎತ್ತರ ಬರೆದುಕೊಳ್ಳಿ. ಇದರ ಮೂಲ 1865ರಲ್ಲಿ ಇಟಲಿಯ ಖಗೋಳಜ್ಞ ಪಾದ್ರಿ ಆಂಜೆಲೊ ಸೆಕ್ಕಿ ಸಮುದ್ರದಲ್ಲಿ ಇಳಿಬಿಟ್ಟು ನೋಡಿದ ಬಿಲ್ಲೆ. ಆ ಬಿಲ್ಲೆಯನ್ನು ಆಳವಿಲ್ಲದ ಹಳ್ಳದಲ್ಲಿ ಬಳಸಲು ಬರುವುದಿಲ್ಲ, ಮರೆಯಾಗುವ ಮೊದಲೇ ತಳ ಮುಟ್ಟುತ್ತದೆ.

ಆಮ್ಲಜನಕ ಮತ್ತು ಉಷ್ಣಾಂಶ ಎರಡನ್ನೂ ದಡದಲ್ಲೇ ಅಳೆಯಬೇಕು. ಬಾಟಲಿಯಲ್ಲಿ ತುಂಬಿಸಿ ಶಾಲೆಗೆ ಒಯ್ದರೆ ದಾರಿಯಲ್ಲೇ ಬದಲಾಗುತ್ತವೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ದಡದ ಮರ ಕಡಿದು ನೆರಳು ಹೋದರೆ ಮೀನಿಗೆ ಏನು ತೊಂದರೆ ಎಂಬ ಪ್ರಶ್ನೆಗೆ ಉತ್ತರ ಈ ಎರಡು ಸಂಖ್ಯೆಗಳಲ್ಲಿದೆ.

ಒಂದು ಎಚ್ಚರಿಕೆ. ಬೆಳಕಿದ್ದಾಗ ನೀರಿನ ಸಸ್ಯಗಳು ಆಮ್ಲಜನಕ ಬಿಡುತ್ತವೆ, ರಾತ್ರಿಯೆಲ್ಲ ಬಳಸಿಕೊಳ್ಳುತ್ತವೆ; ಹೀಗಾಗಿ ಮುಂಜಾನೆ ಅದು ಕನಿಷ್ಠ, ಮಧ್ಯಾಹ್ನ ಹೆಚ್ಚು. ಮೇಲಿನ ಶಾಲೆಯಲ್ಲಿ ಬೆಳಗ್ಗೆ, ಕೆಳಗಿನ ಶಾಲೆಯಲ್ಲಿ ಮಧ್ಯಾಹ್ನ ಅಳೆದರೆ ಹೋಲಿಕೆ ದಾರಿತಪ್ಪಿಸುತ್ತದೆ. ಎಲ್ಲ ಶಾಲೆಯಲ್ಲೂ ಒಂದೇ ಹೊತ್ತು ಇಟ್ಟುಕೊಳ್ಳಿ, ಹಿಂದಿನ ದಿನಗಳಲ್ಲಿ ಮಳೆ ಬಂದಿತ್ತೇ ಎಂಬುದನ್ನೂ ಬರೆಯಿಸಿ. ಪರೀಕ್ಷೆಗೆ ಬಳಸಿದ ರಾಸಾಯನಿಕವನ್ನು ಹೊಳೆಗೆ ಚೆಲ್ಲದೆ ಬೇರೆ ಡಬ್ಬಿಯಲ್ಲಿ ತುಂಬಿಸಿ ವಾಪಸ್ ಒಯ್ಯಿರಿ.

ಕಲ್ಲಿನಡಿಯ ಜೀವಿಗಳು

ಮಕ್ಕಳು ವರ್ಷಗಟ್ಟಲೆ ನೆನಪಿಡುವುದು ಇದನ್ನು. ಅದಕ್ಕೇ ಅತಿ ಹೆಚ್ಚು ಸಮಯ ಇದಕ್ಕೆ ಕೊಡಿ. ಹರಿವಿಗೆ ಎದುರಾಗಿ ಸಣ್ಣ ಕಣ್ಣಿನ ಬಲೆ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕೈಯಿಂದ ಉಜ್ಜಿ, ತಳವನ್ನು ಕಾಲಿನಿಂದ ಕದಡಬೇಕು. ಬಲೆಗೆ ಬಂದುದನ್ನು ಹೊಳೆಯ ನೀರೇ ತುಂಬಿದ ಬಿಳಿ ತಟ್ಟೆಗೆ ಹಾಕಿ. ಮೊದಲು ಕಸಕಡ್ಡಿಯಷ್ಟೇ ಕಾಣುತ್ತದೆ. ಸ್ವಲ್ಪ ತಾಳಿದರೆ ಕಸ ಚಲಿಸತೊಡಗುತ್ತದೆ.

ಎರಡು ಬಾಲದ ಸ್ಟೋನ್‌ಫ್ಲೈ ಮರಿ, ಹೊಟ್ಟೆಯ ಅಂಚಿನ ಕಿವಿರುಗಳನ್ನು ಬಡಿಯುವ, ಹೆಚ್ಚಾಗಿ ಮೂರು ಬಾಲವಿರುವ ಮೇಫ್ಲೈ ಮರಿ, ಮರಳಿನ ಕಣಗಳನ್ನು ರೇಷ್ಮೆಯಲ್ಲಿ ಅಂಟಿಸಿ ಗೂಡು ಕಟ್ಟಿಕೊಂಡು ಅದನ್ನು ಹೊತ್ತೇ ತಿರುಗುವ ಕ್ಯಾಡಿಸ್‌ಫ್ಲೈ ಮರಿ: ಈ ಮೂರು ಕೀಟಗುಂಪುಗಳ ಬಹುಪಾಲು ಮರಿಗಳು ಕೊಳಕು ನೀರನ್ನು ತಾಳಲಾರವು. ಏರೋಪ್ಲೇನ್ ಚಿಟ್ಟೆಯ ಮರಿ ನಡುವಿನದು. ಹಿಂಬದಿಯಿಂದ ನೀರು ಚಿಮ್ಮಿ ಮುಂದಕ್ಕೆ ನೆಗೆಯುವುದನ್ನು ನೋಡಲು ಮಕ್ಕಳು ಮುಗಿಬೀಳುತ್ತಾರೆ. ಕೆಂಪು ದಾರದಂಥ ನುಸಿಮರಿಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಿದ್ದರೂ ಬದುಕುತ್ತವೆ. ಇಂಥ ಕೆಂಪು ಮರಿಗಳು ಮಾತ್ರ ಸಿಕ್ಕಿ ಮೊದಲ ಮೂರು ಗುಂಪು ಕಾಣದಿದ್ದರೆ ಮೇಲೆಲ್ಲೋ ತೊಂದರೆಯಿದೆ ಎಂದು ಅನುಮಾನಿಸಬಹುದು. ಅಳೆಯುವ ಉಪಕರಣ ಆ ಕ್ಷಣದ ನೀರನ್ನು ಹೇಳುತ್ತದೆ, ಈ ಜೀವಿಗಳು ಕಳೆದ ಹಲವು ವಾರಗಳ ನೀರನ್ನು ಹೇಳುತ್ತವೆ. ಎಣಿಸಿ ಆದಮೇಲೆ ಎಲ್ಲವನ್ನೂ ಹಿಡಿದ ಜಾಗಕ್ಕೇ ಬಿಡಬೇಕು, ಕಲ್ಲುಗಳನ್ನು ಇದ್ದ ಹಾಗೆ ಮಗುಚಿಡಬೇಕು.

ಮುಂದಿನ ಊರಿಗೆ ಹೊರಡುವ ಮೊದಲು ಬಲೆ, ಬೂಟು, ತಟ್ಟೆಗಳ ಕೆಸರು ತೊಳೆದು ಪೂರ್ತಿ ಒಣಗಿಸಿ. ಒಂದು ಹೊಳೆಯ ಕಳೆ, ರೋಗಾಣು, ಬಸವನಹುಳು ಇನ್ನೊಂದಕ್ಕೆ ನಮ್ಮ ಮೂಲಕವೇ ದಾಟಬಾರದು. ಎರಡು ಜೊತೆ ಬಲೆಗಳಿದ್ದರೆ ಒಣಗಲು ಸಮಯ ಸಿಗುತ್ತದೆ.

ಹೊಳೆ ಪುಸ್ತಕ

ವಾಹನದಲ್ಲಿ ಒಂದು ದಪ್ಪ ಪುಸ್ತಕ ಇರಲಿ. ಪ್ರತಿ ಶಾಲೆಗೂ ಕೆಲವು ಪುಟ: ತಮ್ಮ ಅಳತೆಗಳು, ಕಂಡ ಜೀವಿಗಳ ಚಿತ್ರ, ದಡದ ನಕ್ಷೆ, ಕೆಳಗಿನ ಶಾಲೆಗೆ ಒಂದು ಪತ್ರ ಮತ್ತು ಒಂದು ಪ್ರಶ್ನೆ. ಕೆಳಗಿನ ಶಾಲೆಯವರು ಮೊದಲು ಅದನ್ನು ಓದಿ ಆಮೇಲೆ ನೀರಿಗೆ ಇಳಿಯಲಿ. ಹರಿವು ಹೆಚ್ಚಿದ್ದರೆ ನಡುವೆ ಯಾವ ತೊರೆ ಸೇರಿತು? ಕಡಿಮೆಯಾಗಿದ್ದರೆ ನೀರು ಇಂಗಿತೇ, ಪಂಪಿನಿಂದ ಎತ್ತಿದರೇ? ಕ್ಯಾಡಿಸ್‌ಫ್ಲೈ ಎಲ್ಲಿ ಕಾಣೆಯಾಯಿತು? ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಲಿ. ಉತ್ತರ ಹೊಳೆಯುವಂತಿದ್ದರೂ ಆ ಊರಿನವರನ್ನೋ ಕಾರ್ಖಾನೆಯವರನ್ನೋ ತಪ್ಪಿತಸ್ಥರೆನ್ನಲು ಆತುರಪಡಿಸಬೇಡಿ. ಒಂದು ದಿನದ ಅಳತೆ ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು.

ದೊಡ್ಡ ಮಕ್ಕಳಿಗೆ ರೈನ್ ನದಿಯ ಕಥೆ ಹೇಳಿ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರು ಕೀಟನಾಶಕಗಳನ್ನು ಹೊತ್ತು ನದಿ ಸೇರಿತು, ನದಿ ಕೆಂಪಾಯಿತು, ಹಾವುಮೀನುಗಳು ರಾಶಿರಾಶಿಯಾಗಿ ಸತ್ತವು, ವಿಷ ಫ್ರಾನ್ಸ್ ಮತ್ತು ಜರ್ಮನಿಯನ್ನು ಹಾದು ನೆದರ್ಲೆಂಡ್ಸ್‌ವರೆಗೆ ಹೋಯಿತು. ಮರುವರ್ಷ ದಡದ ದೇಶಗಳೆಲ್ಲ ಕೂಡಿ ಸಾಮನ್ ಮೀನನ್ನು ನದಿಗೆ ಮರಳಿ ತರುವ ಗುರಿಯ ಕಾರ್ಯಯೋಜನೆ ಒಪ್ಪಿಕೊಂಡವು. ಕಥೆಯ ಈ ಎರಡನೇ ಭಾಗವನ್ನು ಬಿಡಬೇಡಿ. ಬರೀ ದುರಂತ ಕೇಳಿದ ಮಕ್ಕಳು ಕೈಚೆಲ್ಲುತ್ತಾರೆ.

ವಾಹನ ಹೋದ ಮೇಲೆ

ಪ್ರತಿ ಶಾಲೆಯಲ್ಲೂ ಎರಡು ವಸ್ತು ಬಿಟ್ಟುಬನ್ನಿ: ಮಳೆಮಾಪಕ ಮತ್ತು ಹೊಳೆಯ ನೀರಿನ ಮಟ್ಟ ನೋಡುವ ಅಳತೆಕೋಲು. ಮಳೆಮಾಪಕ ಗೋಡೆ, ಮರಗಳಿಂದ ದೂರ ಬಯಲಲ್ಲಿ ನಿಲ್ಲಲಿ, ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಓದಿ ಖಾಲಿ ಮಾಡಬೇಕು. ಅಳತೆಕೋಲನ್ನು ದಡದಿಂದಲೇ ಓದುವಂಥ ಜಾಗದಲ್ಲಿ, ಸಂಬಂಧಪಟ್ಟವರನ್ನು ಕೇಳಿ ನಿಲ್ಲಿಸಿ. ಯಾವ ಶಿಕ್ಷಕರು ಇದನ್ನು ನೋಡಿಕೊಳ್ಳುತ್ತಾರೆಂಬುದು ಹೊರಡುವ ಮೊದಲೇ ಗೊತ್ತಾಗಿರಬೇಕು. ಹಿಂದಿನ ರಾತ್ರಿ ಮೇಲೆ ಬಿದ್ದ ಮಳೆ, ಮರುದಿನ ಕೆಳಗೆ ಏರಿದ ಮಟ್ಟ ಇವೆರಡನ್ನೂ ಒಂದೇ ಹಾಳೆಯ ಮೇಲೆ ಬರೆದಾಗ ಶಾಲೆಗಳ ನಡುವೆ ಫೋನು ತಾನಾಗಿ ಓಡಾಡತೊಡಗುತ್ತದೆ.

ಎರಡನೇ ಸುತ್ತನ್ನು ಬೇರೆ ಋತುವಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕದಡು ಹೆಚ್ಚು, ಆದರೆ ಕೊಳಕು ತೆಳುವಾಗಿರುತ್ತದೆ. ಬೇಸಿಗೆಯಲ್ಲಿ ಹರಿವು ಸಣ್ಣದಾಗಿ ಅದೇ ಕೊಳಕು ದಟ್ಟವಾಗುತ್ತದೆ. ಆ ಸುತ್ತನ್ನು ಕೆಳಗಿನ ಶಾಲೆಯಿಂದ ಆರಂಭಿಸಿ ಮೂಲದ ಕಡೆ ಹೋಗಿ. ಮೊದಲ ಸುತ್ತಿನಲ್ಲಿ ಮೇಲಿನವರ ಪತ್ರ ಕೆಳಗೆ ಬಂದಿತ್ತು. ಈಗ ಕೆಳಗಿನವರ ಉತ್ತರ ಮೇಲಕ್ಕೆ ಹೋಗಬೇಕು.